ಹಿಡಿ ಬಿದ್ದ ಕಪ್ಪು

ನಮ್ಮ ಮನೆಯಲ್ಲಿ ನಾನು ಹುಟ್ಟಿದಾಗಿನಿಂದ ಇರುವ ಪಿಂಗಾಣಿ ಕಪ್ಪುಗಳಲ್ಲಿ ನೆಟ್ಟಗಿರುವುದು ಒಂದೂ ಇಲ್ಲ. ಒಂದರ ಬಾಯಿ ಪಕ್ಕಕ್ಕೆ ವಾಲಿದೆ. ಒಂದರ ಮೈಮೇಲೆ ಮೆರುಗು ಹಿಡಿಯದೆ ಬೊಕ್ಕೆ ಎದ್ದಿದೆ. ಇನ್ನೊಂದನ್ನು ಮೇಜಿನ ಮೇಲಿಟ್ಟರೆ ಸುಮ್ಮನೆ ನಿಲ್ಲದೆ ಅಲುಗಾಡುತ್ತದೆ. ನೆಂಟರು ಬಂದರೆ ನನ್ನ ಗಂಡ ಸ್ಟೀಲ್ ಲೋಟ ತೆಗೆಯುತ್ತಾರೆ. ನಾನು ಬೇಕೆಂದೇ ಈ ಕಪ್ಪುಗಳಲ್ಲಿ ಕಾಫಿ ಕೊಡುತ್ತೇನೆ. ಯಾರಾದರೂ ಮುಖ ಸಿಂಡರಿಸಿದರೆ, "ಇವು ನಮ್ಮವ್ವ ಮಾಡಿದ್ದು" ಎಂದು ಹೇಳಿ ಅವರ ಬಾಯಿ ಮುಚ್ಚಿಸುವುದೆಂದರೆ ನನಗೆ ಖುಷಿ. ನನ್ನ ಸ್ವಭಾವವೇ ಹಾಗೆ, ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲಿ.

ಈ ಬರಹದಲ್ಲಿ ನಾನು ಯಾರ ಹೆಸರನ್ನೂ ಬರೆದಿಲ್ಲ. ಬರೆಯಲೇ ಎಂದು ಕೇಳಿದಾಗ ಇಬ್ಬರು ಮುದುಕಿಯರೂ ಬೇರೆ ಬೇರೆ ದಿನ ಒಂದೇ ಮಾತು ಹೇಳಿದರು. ಬರಿ, ಹೆಸರು ಮಾತ್ರ ಬೇಡ. ಅವರಲ್ಲಿ ಒಬ್ಬಳು ನನ್ನ ಅವ್ವ. ಇನ್ನೊಬ್ಬರು ಅವ್ವನ ಜೊತೆ ಕೆಲಸ ಮಾಡುತ್ತಿದ್ದವರು.

ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುವ ರಸ್ತೆಯ ಬದಿಯಲ್ಲಿ, ರೈಲು ಹಳಿಗೆ ಹತ್ತಿರವಾಗಿ, ಒಂದು ಪಿಂಗಾಣಿ ಕಾರ್ಖಾನೆ ಇತ್ತು. ಸುತ್ತಲ ಊರಿನವರ ಬಾಯಲ್ಲಿ ಅದು ಕಪ್ಪಿನ ಫ್ಯಾಕ್ಟ್ರಿ. ಮುಚ್ಚಿ ಎಷ್ಟೋ ವರ್ಷಗಳಾದವು. ಈಗ ಉಳಿದಿರುವುದು ಒಂದು ಚಿಮಣಿ, ಒಂದು ಉದ್ದನೆಯ ಶೆಡ್ಡು. ಮಿಕ್ಕ ಜಾಗವನ್ನೆಲ್ಲ ಲಂಟಾನ ತಿಂದುಹಾಕಿದೆ. ನನ್ನ ಅಪ್ಪ ಅಲ್ಲಿ ಕಪ್ಪು ಸುಡುವ ಭಟ್ಟಿಯಲ್ಲಿದ್ದರು, ಅವ್ವ ಹಿಡಿ ಹಾಕುವ ಬೆಂಚಿನಲ್ಲಿದ್ದಳು. ಸುಟ್ಟು ತೆಗೆದ ಮೇಲೆ ಊನವಾಗಿ ಬಂದ ಕಪ್ಪುಗಳನ್ನು ಕೆಲಸದವರು ಮನೆಗೆ ಒಯ್ಯಬಹುದಿತ್ತು. ಹಾಗಾಗಿ ಕಾರ್ಖಾನೆಯ ಸಾಲುಮನೆಗಳಲ್ಲಿದ್ದ ನಾವೆಲ್ಲ ಸೊಟ್ಟ ಕಪ್ಪಿನಲ್ಲೇ ಹಾಲು ಕುಡಿದು ಬೆಳೆದೆವು. ಸರಿಯಾದ ಕಪ್ಪುಗಳು ಹಾಸನದ ಹೋಟೆಲುಗಳಿಗೆ, ಅಲ್ಲಿಂದಾಚೆಗೆ ಎಲ್ಲಿಗೋ ಹೋಗುತ್ತಿದ್ದವು.

ಹಿಡಿ ಹಾಕುವುದು ಹೆಂಗಸರ ಕೆಲಸ. ಅಚ್ಚಿನಿಂದ ಬಿಡಿಸಿದ ಹಸಿ ಕಪ್ಪುಗಳು ಉದ್ದನೆಯ ಹಲಗೆಯ ಮೇಲೆ ಬರುತ್ತಿದ್ದವು. ಹಿಡಿಗಳು ಬೇರೆಯಾಗಿ ಬರುತ್ತಿದ್ದವು. ಅದೇ ಮಣ್ಣನ್ನು ನೀರಿನಲ್ಲಿ ಮಂದವಾಗಿ ಕಲಸಿದ ಗಂಜಿ ಪಕ್ಕದ ಬಟ್ಟಲಿನಲ್ಲಿರುತ್ತಿತ್ತು. ಹಿಡಿಯ ಎರಡೂ ತುದಿಯನ್ನು ಗಂಜಿಯಲ್ಲಿ ಅದ್ದಿ, ಕಪ್ಪಿನ ಮೈಗೆ ಕೂರಿಸಿ, ಕೆಳತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಒಂದು ಸಲ ಸವರಬೇಕು. ಒತ್ತಿದ ಕಡೆ ಸಣ್ಣ ತಗ್ಗು ಉಳಿಯುತ್ತದೆ. ಆಮೇಲೆ ಕಪ್ಪನ್ನು ಬೋರಲು ಹಾಕಿ, ತಳದಲ್ಲಿ ಕಡ್ಡಿಯಿಂದ ತಮ್ಮ ಗುರುತು ಗೀಚಬೇಕು. ಓದು ಬಾರದ ಹೆಂಗಸರೇ ಹೆಚ್ಚು, ಆದ್ದರಿಂದ ಅಕ್ಷರ ಇರಲಿಲ್ಲ. ಒಬ್ಬರದು ಚುಕ್ಕಿ, ಒಬ್ಬರದು ಅಡ್ಡಗೆರೆ. ನಮ್ಮವ್ವನದು ಮೂರು ಗೀಟು. ಭಟ್ಟಿ ತೆಗೆದಾಗ ಹಿಡಿ ಕಿತ್ತುಬಂದರೆ ಮೇಸ್ತ್ರಿ ತಳ ನೋಡುತ್ತಿದ್ದ. ಯಾರ ಗುರುತೋ ಅವರಿಗೆ ಬೈಗುಳ.

ಅವ್ವ ಎಡಗೈಯವಳು. ಮೊಣಕೈ ಪಕ್ಕದವರಿಗೆ ತಾಗದಿರಲೆಂದು ಅವಳನ್ನು ಬೆಂಚಿನ ಎಡತುದಿಗೆ ಕೂರಿಸಿದ್ದರು. ಅವಳ ಹೆಬ್ಬೆರಳಿನ ತಗ್ಗು ಬೇರೆಯವರದಕ್ಕಿಂತ ಉಲ್ಟಾ ಕಡೆಗೆ ವಾಲಿರುತ್ತದೆ. ಚಿಕ್ಕಂದಿನಲ್ಲಿ ಯಾರ ಮನೆಗೆ ಹೋದರೂ ನಾನು ಕಪ್ಪು ತಿರುಗಿಸಿ, ತಳ ನೋಡುವ ಮೊದಲೇ, ಇದು ನಮ್ಮವ್ವನದು ಎಂದು ಹೇಳಿಬಿಡುತ್ತಿದ್ದೆ.

ಈಗ ನಾನು ಚನ್ನರಾಯಪಟ್ಟಣದ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಜೊತೆಗಿದ್ದಾಳೆ. ಹೋದ ವರ್ಷ ಹಾಸನದ ಒಬ್ಬ ಹುಡುಗಿ ನಮ್ಮನ್ನು ಹುಡುಕಿಕೊಂಡು ಬಂದಳು. ಮಣ್ಣಿನ ಕೆಲಸವನ್ನೇ ಓದಿಕೊಂಡವಳು. ಆ ಹಳೆಯ ಶೆಡ್ಡನ್ನು ಬಾಡಿಗೆಗೆ ಹಿಡಿದು, ಸಣ್ಣದೊಂದು ಕರೆಂಟಿನ ಭಟ್ಟಿ ಇಟ್ಟುಕೊಂಡು, ಕೈಯಲ್ಲೇ ಕಪ್ಪು ಮಾಡುತ್ತಿದ್ದಳು. ಕಾರ್ಖಾನೆಯ ನೆನಪಿಗೆ ಒಂದು ದಿನ ಎಲ್ಲರನ್ನೂ ಕರೆಯಬೇಕು, ಹಳೆಯ ಕೆಲಸದವರು ತಮ್ಮ ಕೈಯಿಂದ ಒಂದಿಷ್ಟು ಕಪ್ಪು ಮಾಡಿ ತಳಕ್ಕೆ ತಮ್ಮದೇ ಗುರುತು ಹಾಕಬೇಕು, ಆ ದಿನ ಬಂದವರಿಗೆಲ್ಲ ಅವುಗಳಲ್ಲೇ ಕಾಫಿ ಕೊಡಬೇಕು ಎಂಬುದು ಅವಳ ಆಸೆ. ಹಿಡಿ ಹಾಕುವ ಬೆಂಚಿನವರಲ್ಲಿ ಓಡಾಡುವ ಸ್ಥಿತಿಯಲ್ಲಿ ಸಿಕ್ಕವಳು ಅವ್ವ ಒಬ್ಬಳೇ.

"ಅಜ್ಜಿ, ನೀವು ಬರ್ಲೇಬೇಕು" ಎಂದಳು.

ಅವ್ವ, "ನನ್ ಕೈ ನಡುಗ್ತದೆ ಕಣವ್ವ" ಎಂದಳು. ಹುಡುಗಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಅವ್ವನಿಗಿಂತ ನನಗೇ ಆತುರ ಜಾಸ್ತಿಯಿತ್ತು ಎಂದು ಈಗ ಅನ್ನಿಸುತ್ತದೆ.

ಮೂರು ಭಾನುವಾರ ಅವಳನ್ನು ಬಸ್ಸಿನಲ್ಲಿ ಹೊಳೆನರಸೀಪುರಕ್ಕೆ ಕರೆದುಕೊಂಡು ಹೋಗಿ, ಅಲ್ಲಿಂದ ಆಟೋದಲ್ಲಿ ಶೆಡ್ಡಿಗೆ ಹೋದೆ. ಮೊದಲನೆಯ ದಿನ ಮಣ್ಣು ಮುಟ್ಟುವ ಮೊದಲು ಅವ್ವ ಕೈಬಳೆಗಳನ್ನು ಮೊಣಕೈವರೆಗೆ ಸರಿಸಿದಳು. ಗಂಜಿಯ ಬಟ್ಟಲಿಗೆ ಬೆರಳದ್ದಿ ಎತ್ತಿ, ಅದು ಬೀಳುವುದನ್ನು ನೋಡಿ, "ತೆಳ್ಳಗಾಗೈತೆ, ಮಣ್ಣು ಸೇರ್ಸು" ಎಂದಳು. ಹುಡುಗಿ ಸೇರಿಸಿದಳು. "ಇನ್ನೂ" ಎಂದಳು. ನಾಲ್ಕು ಸಲ ಹಾಗೆ ಹೇಳಿದಳು. ಆಮೇಲೆ ಕೈಗೆ ಕೆಲಸ ನೆನಪಾಯಿತು, ನಡುಕ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಅವತ್ತು ಒಂದು ಸಣ್ಣ ಸಂಗತಿ ನಡೆಯಿತು. ಮೊದಲನೆಯ ಕಪ್ಪಿಗೆ ಹಿಡಿ ಕೂರಿಸಿ ಬೋರಲು ಹಾಕಿದ ಅವ್ವ, ಕಡ್ಡಿ ತೆಗೆದುಕೊಂಡು ಕುಡುಗೋಲಿನ ಆಕಾರದ ಒಂದು ಬಾಗಿದ ಗೆರೆ ಎಳೆದಳು. ನಾನು ನಕ್ಕು, "ಅವ್ವ, ನಿಂದು ಮೂರು ಗೀಟು, ಮರ್ತೋಯ್ತಾ?" ಎಂದು ಕೇಳಿದೆ. ಹುಡುಗಿಯೂ ನಕ್ಕಳು. ಅವ್ವ ನಮ್ಮ ಮುಖ ನೋಡಲಿಲ್ಲ. ಒದ್ದೆ ಬೆರಳಿನಿಂದ ಆ ಗೆರೆಯನ್ನು ಒರೆಸಿ, ಮೂರು ಗೀಟು ಎಳೆದು, ಕಪ್ಪನ್ನು ಹಲಗೆಯ ಮೇಲಿಟ್ಟಳು. ವಯಸ್ಸಾಯಿತು, ಮರೆವು ಎಂದುಕೊಂಡು ನಾನು ಅದನ್ನು ಅಲ್ಲಿಗೇ ಬಿಟ್ಟೆ.

ಒಬ್ಬೊಬ್ಬರ ಕಪ್ಪಿನ ಪಕ್ಕದಲ್ಲೂ ಅವರ ಬಗ್ಗೆ ನಾಲ್ಕು ಸಾಲಿನ ಒಂದು ಕಾರ್ಡು ಇಡಬೇಕೆಂದು ಹುಡುಗಿ ಹೇಳಿದ್ದಳು. ಅವ್ವನ ಕಾರ್ಡು ನಾನೇ ಬರೆದೆ. ಬರೆದು ಬರೆದು ಅಳಿಸಿ ಕೊನೆಗೆ ಒಂದು ಸಾಲು ಬಹಳ ಚೆನ್ನಾಗಿ ಬಂತು ಎಂದು ಬೀಗಿದೆ. 'ಈಕೆ ಹಾಕಿದ ಹಿಡಿ ಇವತ್ತಿನವರೆಗೆ ಒಂದೂ ಬಿದ್ದಿಲ್ಲ.' ಶಾಲೆಯಲ್ಲಿ ಮಕ್ಕಳ ಮುಂದೆ ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಕೆಲಸ ಅಂದರೆ ಹಾಗಿರಬೇಕು ಎಂದು ಪಾಠ ಬೇರೆ. ಕಾರ್ಡು ಅಚ್ಚಾಗಿ ಬಂದ ಮಧ್ಯಾಹ್ನ ಅವ್ವ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಕೂತು ಓದಿ ಹೇಳಿದೆ.

"ಅದನ್ನ ತಗದ್ಬುಡು" ಎಂದಳು.

ನಾಚಿಕೆಗೆ ಹೇಳುತ್ತಿದ್ದಾಳೆ ಎಂದುಕೊಂಡೆ. "ಯಾಕವ್ವ? ಇರೋದನ್ನೇ ಬರ್ದಿದೀನಿ."

"ಇರೋದಲ್ಲ ಅದು. ಬಿದ್ದವೆ. ಒಂದ್ ಅಲಗೆ ಪೂರಾ ಬಿದ್ದವೆ."

ಸಿಪ್ಪೆಯನ್ನೂ ಕಾಳನ್ನೂ ಒಂದೇ ತಟ್ಟೆಗೆ ಹಾಕುತ್ತ, ತಲೆಯೆತ್ತದೆ, ಅವ್ವ ಹೇಳಿದ್ದು ಇದು. ಕಾರ್ಖಾನೆಯ ಹಿಂದೆ ಕೂಸುಗಳನ್ನು ಮಲಗಿಸುವ ಒಂದು ಕೋಣೆ ಇತ್ತು. ಹಾಲು ಕುಡಿಯುವ ಮಕ್ಕಳಿದ್ದ ತಾಯಂದಿರು ಮಧ್ಯೆ ಒಮ್ಮೆ ಎದ್ದು ಅಲ್ಲಿಗೆ ಹೋಗಿಬರುತ್ತಿದ್ದರು. ಹೋದವರ ಹಲಗೆ ಹಿಂದೆ ಬೀಳಬಾರದಲ್ಲ, ಪಕ್ಕದಲ್ಲಿ ಕೂತವಳು ಅವರ ಕಪ್ಪುಗಳಿಗೂ ತಾನೇ ಹಿಡಿ ಹಾಕಿ, ತಳಕ್ಕೆ ಅವರ ಗುರುತನ್ನೇ ಗೀಚಿಬಿಡುತ್ತಿದ್ದಳು. ಮೇಸ್ತ್ರಿಗೆ ಇದು ಗೊತ್ತಾಗಬಾರದು, ಗೊತ್ತಾದರೆ ಇಬ್ಬರಿಗೂ ಕೆಲಸವಿಲ್ಲ. ಬೆಂಚಿನ ಹೆಂಗಸರೆಲ್ಲ ಒಬ್ಬರಿಗೊಬ್ಬರು ಹಾಗೆ ಮಾಡಿಕೊಂಡೇ ಮಕ್ಕಳನ್ನು ಸಾಕಿದರು.

ಅವ್ವನ ಬಲಕ್ಕೆ ಕೂರುತ್ತಿದ್ದ ಗೆಳತಿಯ ಗುರುತು ಕುಡುಗೋಲು. ಅವ್ವನಿಗಿಂತ ಒಂದೆರಡು ವರ್ಷ ದೊಡ್ಡವರು, ಅವ್ವ ಅಕ್ಕ ಎಂದೇ ಕರೆಯುತ್ತಿದ್ದಳು. ಒಂದು ದಿನ ಆಕೆ ಕೂಸಿನ ಕೋಣೆಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಎರಡು ಹಲಗೆಯ ಕೆಲಸವೂ ಅವ್ವನ ಮೇಲೆ ಬಿತ್ತು. ಗಂಜಿ ಆರಿ ಗಟ್ಟಿಯಾಗಿತ್ತು. ಹೊಸದಾಗಿ ಕಲಸುವಷ್ಟು ವ್ಯವಧಾನವಿಲ್ಲದೆ ಅವ್ವ ಅದಕ್ಕೆ ನೀರು ಹುಯ್ದು, ತೆಳ್ಳಗಿದ್ದುದರಲ್ಲೇ ಅದ್ದಿ ಅದ್ದಿ ಗೆಳತಿಯ ಹಲಗೆಯನ್ನು ಮುಗಿಸಿದಳು. ಭಟ್ಟಿ ತೆಗೆದ ದಿನ ಆ ಹಲಗೆಯ ಕಪ್ಪುಗಳನ್ನು ಎತ್ತಿದರೆ ಹಿಡಿ ಕೈಯಲ್ಲಿ, ಕಪ್ಪು ನೆಲದಲ್ಲಿ. ತಳದಲ್ಲೆಲ್ಲ ಕುಡುಗೋಲು. ಶೆಡ್ಡಿನ ಅಷ್ಟೂ ಜನರ ಎದುರಿಗೆ ಮೇಸ್ತ್ರಿ ಆಕೆಯನ್ನು ನಿಲ್ಲಿಸಿ ಬೈದು, ಕೆಲಸಗೇಡಿ ಎಂದು ಹೇಳಿ, ಗೇಟಿನಿಂದ ಆಚೆಗೆ ಕಳಿಸಿದ.

"ನೀನೇನ್ ಮಾಡ್ದೆ?" ಎಂದೆ.

"ಬೆಂಚ್ ಮೇಲೆ ಕೂತಿದ್ದೆ."

"ಬಾಯಿ ಬಿಡ್ಲಿಲ್ವಾ?"

"ಇಲ್ಲ."

ಆಗ ಅಪ್ಪ ಕಾಯಿಲೆ ಬಿದ್ದು ಮನೆಯಲ್ಲಿದ್ದರಂತೆ. ನನಗಿನ್ನೂ ವರ್ಷ ತುಂಬಿರಲಿಲ್ಲವಂತೆ. ಅವ್ವ ಇದನ್ನು ಹೇಳಿದ್ದು ನೆಪವಾಗಿ ಅಲ್ಲ, ನಾನು ಕೇಳಿದ್ದಕ್ಕೆ. ನನಗಾದರೋ ಮೈಯೆಲ್ಲ ಉರಿದುಹೋಯಿತು. ಕಾರ್ಡನ್ನು ಅವಳ ಎದುರಿಗೇ ಹರಿದುಹಾಕಿದೆ. ಆಕೆ ಆಮೇಲೆ ಎಲ್ಲಿ ಹೋದರು ಎಂದು ಕೇಳಿದೆ.

"ಅರಕಲಗೂಡಿಂದಾಚೆಗೆ. ಅವಳ ತೌರೂರಿಗೆ."

"ನಿಂಗೆ ಗೊತ್ತಿತ್ತಾ?"

"ಮೊದ್ಲಿಂದ್ಲೂ ಗೊತ್ತು."

ನನ್ನನ್ನು ಹೆಚ್ಚು ಚುಚ್ಚಿದ್ದು ಇದು. ಚನ್ನರಾಯಪಟ್ಟಣದಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯೊಳಗೆ ವಾಪಸು ಬರಬಹುದಾದ ಊರು. ಇಷ್ಟು ವರ್ಷ ಅಲ್ಲಿಗೆ ಹೋಗದೆ, ನಾನು ಮಕ್ಕಳ ಮುಂದೆ ಕೊಚ್ಚಿಕೊಳ್ಳುವುದನ್ನು ಕೇಳಿಕೊಂಡು, ಇವಳು ಹೇಗೆ ಸುಮ್ಮನಿದ್ದಳು? ಎರಡು ದಿನ ನಾನು ಅವ್ವನ ಜೊತೆ ಮಾತಾಡಲಿಲ್ಲ. ತಟ್ಟೆ ಇಡುತ್ತಿದ್ದೆ, ತೆಗೆಯುತ್ತಿದ್ದೆ. ಎಪ್ಪತ್ತು ದಾಟಿದ ಹೆಂಗಸಿಗೆ ಮುಖ ಗಂಟುಹಾಕಿಕೊಂಡು ಅನ್ನ ಬಡಿಸಿದ್ದಕ್ಕೆ ಈಗ ನಾಚಿಕೆಯಾಗುತ್ತದೆ. ಮೂರನೆಯ ದಿನ ಬೆಳಿಗ್ಗೆ ನೋಡಿದರೆ ಅವ್ವ ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು, ಬಾಗಿಲಲ್ಲಿ ನಿಂತಿದ್ದಳು.

"ನಾನು ಓಗ್ಬತ್ತೀನಿ. ನೀನ್ ಬರೋದಾದ್ರೆ ಬಾ."

ಶಾಲೆಗೆ ರಜೆ ಹೇಳಿ ಜೊತೆಗೆ ಹೊರಟೆ. ಹೊಳೆನರಸೀಪುರದಲ್ಲಿ ಬಸ್ಸು ಬದಲಾಯಿಸಿದೆವು. ಅರಕಲಗೂಡು ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣು, ಹೂವು ಕೊಂಡೆವು. ಆಟೋ ಶುಂಠಿ ಹೊಲಗಳ ನಡುವೆ ಹೋಗುವಾಗ ಅವ್ವ ಒಂದೇ ಒಂದು ಮಾತಾಡಿದಳು. "ಅವಳು ಒಳಕ್ಕೆ ಕರೀದಿದ್ರೆ ಸುಮ್ನೆ ವಾಪಸ್ ಬಂದ್ಬುಡಾನ, ಜಗಳ ತೆಗೀಬ್ಯಾಡ." ನನ್ನ ಬುದ್ಧಿ ಅವಳಿಗೆ ಗೊತ್ತು.

ಆಕೆ ಮನೆಯ ಪಕ್ಕದ ಚಪ್ಪರದಲ್ಲಿ ನಾಲ್ಕಾರು ಹೆಂಗಸರ ಜೊತೆ ಕೂತು ಹಸಿ ಹೊಗೆಸೊಪ್ಪನ್ನು ಒಣಗಿಸಲೆಂದು ಕಡ್ಡಿಗೆ ಕಟ್ಟುತ್ತಿದ್ದರು. ಸಣ್ಣ ದೇಹ, ಪೂರಾ ಬೆಳ್ಳಗಾದ ಕೂದಲು. ಬೆರಳುಗಳ ವೇಗ ನೋಡಿಯೇ ನನಗೆ ಇವರೇ ಎಂದು ಗೊತ್ತಾಯಿತು. ಅವ್ವನನ್ನು ಒಂದು ಗಳಿಗೆ ನೋಡಿದರು. ಕೈಯಲ್ಲಿದ್ದ ಕಡ್ಡಿಯನ್ನು ಕೊನೆಯವರೆಗೂ ಕಟ್ಟಿ ಮುಗಿಸಿ, ಕೈ ಒರೆಸಿಕೊಂಡು ಎದ್ದರು.

"ಬಂದ್ಯಾ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಇವಳಾ ಆ ಕೂಸು? ಬಾ ಮಗ, ಒಳೀಕ್ ಬಾ."

ಅವತ್ತಿನಿಂದ ನಾನು ಅವರನ್ನು ದೊಡ್ಡವ್ವ ಎನ್ನುತ್ತೇನೆ. ಅಡಿಗೆಮನೆಯಲ್ಲಿ ಮಣೆ ಹಾಕಿ ಕೂರಿಸಿದರು. ಅವರ ಮಗಳು, ನನ್ನ ವಯಸ್ಸಿನವಳೇ, ಕಾಫಿಗೆ ನೀರಿಟ್ಟಳು. ಅವ್ವ ಹೂವಿನ ಪೊಟ್ಟಣವನ್ನು ಕೈಯಲ್ಲೇ ಹಿಡಿದುಕೊಂಡು, "ಅಕ್ಕ, ಅವತ್ತು ಆ ಅಲಗೆ..." ಎಂದು ಶುರುಮಾಡಿದಳು.

"ಗೊತ್ತು" ಎಂದರು ದೊಡ್ಡವ್ವ.

ಗೂಡಿನಲ್ಲಿದ್ದ ಒಂದು ಬಿಳಿ ಕಪ್ಪನ್ನು ತೆಗೆದು, ಅದರಲ್ಲಿದ್ದ ಉಪ್ಪನ್ನು ತಟ್ಟೆಗೆ ಸುರಿದು, ನಮ್ಮ ಮುಂದಿಟ್ಟರು. ಅದಕ್ಕೆ ಹಿಡಿ ಇರಲಿಲ್ಲ. ಇದ್ದ ಜಾಗದಲ್ಲಿ ಮೇಲೊಂದು ಕೆಳಗೊಂದು ಒರಟು ಕಲೆ. ಕೆಳಗಿನ ಕಲೆಯ ಪಕ್ಕದಲ್ಲಿ ಹೆಬ್ಬೆರಳು ಒತ್ತಿದ ತಗ್ಗು, ಉಲ್ಟಾ ಕಡೆಗೆ ವಾಲಿದ್ದು.

"ನಿನ್ ಕಪ್ಪು ನೀನೇ ತಗೊಂಡೋಗು ಅಂತ ಮೇಸ್ತ್ರಿ ಎಸೆದ. ಒಡೀದೆ ಉಳ್ದಿದ್ದ ಒಂದನ್ನ ಎತ್ಕೊಂಡ್ ಬಂದೆ. ಈ ಹೆಬ್ಬೆಟ್ಟು ಯಾವ್ ಕಡೀಕೆ ವಾಲೈತೆ ನೋಡು. ಆ ಬೆಂಚಲ್ಲಿ ಎಡಚಿ ಅಂತ ಇದ್ದೋಳು ನೀನೊಬ್ಳೇ. ಅವನು ತಳ ನೋಡ್ದ, ಮೈ ನೋಡ್ಲಿಲ್ಲ. ನಾನು ಗೇಟ್ ದಾಟೋಕೆ ಮುಂಚೇನೇ ನೋಡಿದ್ದೆ."

ನನ್ನ ಬಾಯಿ ಸುಮ್ಮನಿರಲಿಲ್ಲ. "ಮತ್ತೆ ಯಾಕ್ ಹೇಳ್ಲಿಲ್ಲ ದೊಡ್ಡವ್ವ?"

"ಹೇಳಿದ್ರೆ ಇಬ್ರನ್ನೂ ಓಡ್ಸೋರು. ಅದ್ರಲ್ಲಿ ನಂದೂ ತಪ್ಪೈತೆ, ತಡ ಮಾಡ್ದೋಳು ನಾನು. ಅವತ್ತು ಕೂಸಿನ ಕ್ವಾಣೇಲಿ ನೀನು ಒಂದೇ ಸಮ್ನೆ ಅಳ್ತಿದ್ದೆ. ಮೈ ಬೆಚ್ಚಗಿತ್ತು. ನನ್ ಮಗೀಗೆ ಕುಡ್ಸಿ, ನಿನಗೂ ಕುಡ್ಸಿ, ನೀನು ಮಲಗೋಗಂಟ ಕೂತಿದ್ದೆ."

ಅವ್ವನ ಮುಖ ನೋಡಿದೆ. ಈ ಮಾತು ಅವಳಿಗೂ ಹೊಸದಾಗಿತ್ತು. ಎರಡು ದಿನ ಅವಳಿಗೆ ಮುಖ ತಿರುಗಿಸಿಕೊಂಡಿದ್ದ ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಒಲೆಯ ಮುಂದಿದ್ದ ಮಗಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ದೊಡ್ಡವ್ವನ ಕಣ್ಣಲ್ಲಿ ನೀರಿರಲಿಲ್ಲ. "ಕೆಲ್ಸ ಓಯ್ತು ಅಂತ ನಂಗೆ ಬ್ಯಾಸ್ರ ಇಲ್ಲ ಕಣಮ್ಮಿ. ಕೂಲಿ ಎಲ್ಲಾದ್ರೂ ಸಿಕ್ತದೆ. ನೀನ್ ಬತ್ತೀಯ ಅಂತ ಕಾದೆ. ಒಂದ್ ಸತಿ ಬಂದು ನಂದೇ ತಪ್ಪು ಕಣಕ್ಕ ಅಂತೀಯ, ಅಷ್ಟೇ ಸಾಕು ಅಂತ. ವರ್ಸಗಟ್ಲೆ ಕಾದೆ. ಆಮೇಲೆ ಬುಟ್ಬುಟ್ಟೆ."

"ಮುಖ ಇರ್ಲಿಲ್ಲ ಅಕ್ಕ" ಎಂದಳು ಅವ್ವ. "ನಂದೇ ತಪ್ಪು."

"ಈಗ್ ಹೇಳ್ದೆ. ಇಲ್ಲಿ ಒಲೆ ಮುಂದೆ ಹೇಳ್ದೆ. ಯಾರಿಗ್ ಕೇಳಿಸ್ತು? ನನ್ನ ಕೆಲಸಗೇಡಿ ಅಂದಿದ್ದು ಆ ಶೆಡ್ಡಲ್ಲಿ, ಅಷ್ಟು ಜನದ್ ಮುಂದೆ."

ಅಲ್ಲಿ ನಡೆಯಲಿರುವ ದಿನದ ವಿಷಯವನ್ನು ನಾನು ಹೇಳಿದೆ. ನೀವೂ ಬರಬೇಕು ಎಂದೆ. ಅವರು ತಲೆಯಾಡಿಸಿದರು. "ಆ ಗೇಟ್ ಒಳೀಕೆ ನಾನ್ಯಾಕ್ ಬರ್ಲಿ. ಇದನ್ನ ತಗೊಂಡೋಗಿ ಇಡಿ." ಕಪ್ಪನ್ನು ತೊಳೆದು, ಒರೆಸಿ, ಅವ್ವನ ಕೈಗೆ ಕೊಟ್ಟರು. ಹೂವು ತೆಗೆದುಕೊಂಡರು. ಅವ್ವ ಮುಡಿಸಲು ಹೋದಾಗ ಬೇಡ ಎಂದು ತಾವೇ ಮುಡಿದುಕೊಂಡರು.

ಬಸ್ಸಿನಲ್ಲಿ ವಾಪಸು ಬರುವಾಗ ಅವ್ವ ಆ ಕಪ್ಪನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದಳು. ನಾನು ಒಂದು ಉಪಾಯ ಹೇಳಿದೆ. ನಡೆದದ್ದನ್ನೆಲ್ಲ ಹೊಸ ಕಾರ್ಡಿನಲ್ಲಿ ಬರೆದು ಕಪ್ಪಿನ ಪಕ್ಕದಲ್ಲಿಡೋಣ, ಬಂದವರು ಓದಿಕೊಳ್ಳುತ್ತಾರೆ, ನೀನು ಮಾತಾಡುವ ಕಷ್ಟವೇ ಇಲ್ಲ.

"ನೀನ್ ಬರುದ್ರೆ ನಾನ್ ಹೇಳ್ದಂಗಾಯ್ತಾ?" ಎಂದಳು. ಬರೆಯುವುದನ್ನೇ ದೊಡ್ಡದೆಂದು ತಿಳಿದಿದ್ದ ನಾನು, ತೆಗೆದಿದ್ದ ಪೆನ್ನನ್ನು ಬ್ಯಾಗಿನೊಳಗೆ ಹಾಕಿಕೊಂಡೆ.

ಆ ದಿನ ಶೆಡ್ಡು ತುಂಬಿತ್ತು. ಹಾಸನದಿಂದ, ಕಟ್ಟಾಯದಿಂದ, ಹಳ್ಳಿಮೈಸೂರಿನಿಂದ ಹಳೆಯ ಕೆಲಸದವರೂ ಅವರ ಮಕ್ಕಳೂ ಮೊಮ್ಮಕ್ಕಳೂ ಬಂದಿದ್ದರು. ಒಬ್ಬೊಬ್ಬರನ್ನು ಅವರವರ ಹಳೆಯ ಜಾಗದಲ್ಲೇ ಕೂರಿಸಿ, ಮುಂದೆ ಅವರು ಮಾಡಿದ ಕಪ್ಪುಗಳನ್ನು ಜೋಡಿಸಿದ್ದರು. ಹಿಡಿ ಹಾಕುವ ಬೆಂಚಿನ ಎಡತುದಿಯಲ್ಲಿ ಅವ್ವ ಒಬ್ಬಳೇ. ಹೊಸ ಕಪ್ಪುಗಳ ನಡುವೆ ಆ ಹಿಡಿ ಬಿದ್ದ ಕಪ್ಪನ್ನೂ ಇಟ್ಟುಕೊಂಡಿದ್ದಳು. ಪಕ್ಕದಲ್ಲಿ ಕಾರ್ಡು ಇರಲಿಲ್ಲ.

ಹುಡುಗಿ ಮೈಕು ತಂದು ಅವ್ವನ ಕೈಗೆ ಕೊಟ್ಟಳು. "ಅಜ್ಜಿ, ಎರಡು ಮಾತು." ಅವ್ವ ಎದ್ದು ನಿಂತಳು. ಅವ್ವ ಎಲ್ಲರಿಗೂ ನಮಸ್ಕಾರ ಮಾಡಿ, "ಇಲ್ಲಿ ಕೆಲ್ಸ ಮಾಡಿದ್ದು ನಮ್ ಪುಣ್ಯ. ಎಲ್ಲಾರ್ಗೂ ಒಳ್ಳೇದಾಗ್ಲಿ" ಎಂದು ಹೇಳಿ ಕೂತುಬಿಟ್ಟಳು. ಜನ ಚಪ್ಪಾಳೆ ತಟ್ಟಿದರು. ಯಾರೋ ಶಾಲು ಹೊದಿಸಿದರು. ಶಾಲಿನೊಳಗೆ ಅವ್ವ ಕುಗ್ಗಿಹೋದಳು. ಮೈಕು ಕಿತ್ತುಕೊಂಡು ನಾನೇ ಹೇಳಿಬಿಡಲೇ ಎನಿಸಿತು. ನನ್ನದಲ್ಲದ ಮಾತು ಅದು ಎಂದು ಹಲ್ಲು ಕಚ್ಚಿಕೊಂಡು ನಿಂತೆ.

ಆಮೇಲೆ ಜನ ಸಾಲಾಗಿ ಬೆಂಚುಗಳ ಮುಂದೆ ಹಾದುಹೋಗತೊಡಗಿದರು. ಕಪ್ಪು ಎತ್ತಿ ತಳ ನೋಡುವರು, ಗುರುತಿನ ಬಗ್ಗೆ ಕೇಳುವರು, ಕಾಫಿ ಕುಡಿಯುವರು. ಹಿಡಿ ಇಲ್ಲದ ಕಪ್ಪನ್ನು ಕಂಡು ಕೆಲವರು ಇದ್ಯಾಕೆ ಹೀಗೆ ಎಂದು ಕೇಳಿದರು. "ಹಳೇದು" ಎಂದಳು ಅವ್ವ. ಇನ್ನೊಬ್ಬರು ಕೇಳಿದರು. "ಹಳೇದು."

ಮಧ್ಯಾಹ್ನದ ಮೈಸೂರು ರೈಲು ಹೋದ ಮೇಲೆ ಸಾಲಿನಲ್ಲಿ ಒಂದು ಸಣ್ಣ ಬಿಳಿ ತಲೆ ಕಂಡಿತು. ಮಗಳ ಭುಜ ಹಿಡಿದುಕೊಂಡು ದೊಡ್ಡವ್ವ, ಯಾರೋ ಬೇರೆಯವರಂತೆ, ಸಾಲಿನಲ್ಲೇ ನಿಧಾನವಾಗಿ ಬರುತ್ತಿದ್ದರು. ಮೊದಲು ನೋಡಿದ್ದು ನಾನು. ಅವ್ವ ನೋಡಿದ್ದು ಅವರು ಬೆಂಚಿನ ಎದುರಿಗೆ ಬಂದು ನಿಂತಾಗ.

ದೊಡ್ಡವ್ವ ಆ ಕಪ್ಪನ್ನು ಎತ್ತಿಕೊಂಡರು. ತಿರುಗಿಸಿ ತಳ ನೋಡಿದರು.

"ಇದಕ್ಕೆ ಹಿಡಿ ಆಕಿದ್ದು ಯಾರು?"

ಅವ್ವನ ಎಡಗೈ ಬೆಂಚಿನ ಅಂಚನ್ನು ಹಿಡಿದುಕೊಂಡಿತ್ತು. "ನಾನು" ಎಂದಳು.

"ತಳದಲ್ಲಿ ನನ್ ಗುರ್ತೈತಲ್ಲ?"

"ಗುರ್ತು ನಿಂದು. ಆಕಿದ್ದು ನಾನು. ನೀನು ಮಕ್ಕಳಿಗೆ ಹಾಲ್ ಕುಡ್ಸಕ್ಕೆ ಓಗಿದ್ದೆ."

"ಕೇಳಿಸ್ಲಿಲ್ಲ. ಜೋರಾಗಿ ಹೇಳು."

ಅವ್ವ ಎದ್ದು ನಿಂತಳು. ಶಾಲು ಜಾರಿ ಬಿತ್ತು. ನನ್ನ ಬದುಕಿನಲ್ಲಿ ಅವಳು ಅಷ್ಟು ದೊಡ್ಡ ದನಿ ತೆಗೆದದ್ದನ್ನು ನಾನು ಕೇಳಿಲ್ಲ. "ನೀರ್ ಗಂಜಿ ಮಾಡಿ ಹಿಡಿ ಆಕ್ದೋಳು ನಾನು! ಅವತ್ತು ಇವಳನ್ನ ಆಚೆಗೆ ಕಳ್ಸಿದ್ರಲ್ಲ, ಅದು ನನ್ ತಪ್ಪಿಗೆ. ನಾನ್ ಇಲ್ಲೇ ಕೂತಿದ್ದೆ, ಬಾಯ್ ಬಿಡ್ಲಿಲ್ಲ!"

ಕಾಫಿ ಹಿಡಿದವರೆಲ್ಲ ತಿರುಗಿ ನೋಡಿದರು. ಅಪ್ಪನ ಜೊತೆ ಭಟ್ಟಿಯಲ್ಲಿದ್ದ ಒಬ್ಬ ಮುದುಕರು ಎದ್ದು ಬಂದು, ಕನ್ನಡಕ ಹಾಕಿಕೊಂಡು, ಕಪ್ಪನ್ನು ತೆಗೆದುಕೊಂಡು ತಗ್ಗಿನ ಮೇಲೆ ಬೆರಳಾಡಿಸಿದರು. ತಮ್ಮ ಬಲಗೈ ಹೆಬ್ಬೆರಳನ್ನು ಅದರಲ್ಲಿಟ್ಟು ನೋಡಿದರು, ಕೂರಲಿಲ್ಲ. ಎಡಗೈಯದನ್ನು ಇಟ್ಟರು. "ಹೌದು ಕಣ್ರಪ್ಪ, ಎಡಗೈದು" ಎಂದು ಪಕ್ಕದವರಿಗೆ ಕೊಟ್ಟರು. ಕಪ್ಪು ಕೈಯಿಂದ ಕೈಗೆ ಹೋಯಿತು. ಕೆಲವು ಹಳಬರಿಗೆ ಆ ದಿನ ನೆನಪಿತ್ತು. ಅವರಲ್ಲಿ ಒಬ್ಬರು ದೊಡ್ಡವ್ವನ ಹತ್ತಿರ ಬಂದು, "ನಾವೂ ನಿನ್ ತಪ್ಪೇ ಅನ್ಕಂಡಿದ್ವಿ ಕಣವ್ವ, ತಪ್ಪಾಯ್ತು" ಎಂದು ಕೈಮುಗಿದರು. ದೊಡ್ಡವ್ವ ಅವರ ಕೈಗಳನ್ನು ಹಿಡಿದು ಕೆಳಗಿಳಿಸಿದರು. ಆಗ ದೊಡ್ಡವ್ವನ ಕಣ್ಣು ತುಂಬಿದ್ದನ್ನು ನಾನು ನೋಡಿದೆ.

ದೊಡ್ಡವ್ವ ಬೆಂಚಿನ ಹಿಂದಿನಿಂದ ಸುತ್ತಿಕೊಂಡು ಬಂದು, ಸೆರಗು ಕೊಡವಿ, ಅವ್ವನ ಬಲಕ್ಕೆ ಕೂತರು. ಯಾರೂ ಜಾಗ ತೋರಿಸಬೇಕಾಗಲಿಲ್ಲ. ಅವ್ವ ಮುಖಕ್ಕೆ ಸೆರಗು ಮುಚ್ಚಿಕೊಂಡು ಅಳುತ್ತಿದ್ದಳು. ದೊಡ್ಡವ್ವ, ಅವ್ವ ಮಾಡಿದ ಹೊಸ ಕಪ್ಪೊಂದನ್ನು ಎತ್ತಿ, ತಳದ ಮೂರು ಗೀಟು ನೋಡಿ, ಹಿಡಿಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡಿದರು.

"ಗಟ್ಟಿಯಾಗೈತೆ" ಎಂದರು.

ಅವರಿಗೆಂದು ತಂದ ಕಾಫಿ ಅಷ್ಟರಲ್ಲಿ ಆರಿಹೋಗಿತ್ತು. ಬಿಸಿಯದು ತರುತ್ತೇನೆ ಎಂದೆ.

"ಇರ್ಲಿ ಬುಡು ಮಗ. ಈ ಬೆಂಚಲ್ಲಿ ನಾವು ಬಿಸೀದು ಕುಡಿದಿದ್ದು ಯಾವಾಗ? ಕೈ ತೊಳ್ಕೊಂಡು ಬರೋಷ್ಟ್ರಲ್ಲಿ ಆರೋಗಿರ್ತಿತ್ತು" ಎಂದರು. ಅರ್ಧ ಕುಡಿದು, ಮಿಕ್ಕಿದ್ದನ್ನು ಅವ್ವನ ಮುಂದೆ ಸರಿಸಿದರು.